ಮನೆಯೊಳಗಿನ ಇಂಗ್ಲಿಷ್: ಎಳೆಯ ಮಕ್ಕಳ ಪದಸಂಪತ್ತು ಮತ್ತು ಹೆತ್ತವರ ಹೊಣೆ

(ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಳೆಯ ಮಕ್ಕಳ ಇಂಗ್ಲಿಷಿನ ಬಗ್ಗೆ ಮಾತನಾಡಬೇಕೆಂದು ನೀವು ಕೇಳಿದ್ದೀರಿ. ಇಂತಹ ಸಭೆಗಳಲ್ಲಿ ಹೆತ್ತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಯಾವ ಶಾಲೆಗೆ ಸೇರಿಸಿದರೆ ನಮ್ಮ ಮಗುವಿಗೆ ಇಂಗ್ಲಿಷ್ ಬರುತ್ತದೆ?" ಈ ಪ್ರಶ್ನೆಯ ಹಿಂದಿರುವ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಈ ಪ್ರಶ್ನೆಯಲ್ಲಿಯೇ ಒಂದು ತಪ್ಪು ಗ್ರಹಿಕೆ ಅಡಗಿದೆ. ಇಂಗ್ಲಿಷ್ ಎಂಬುದು ಶುಲ್ಕ ತೆತ್ತು ಶಾಲೆಯಿಂದ ಕೊಂಡು ತರುವ ಸರಕು, ಮನೆಗೂ ಅದಕ್ಕೂ ಸಂಬಂಧವಿಲ್ಲ ಎಂಬ ಗ್ರಹಿಕೆಯದು. ಭಾಷೆಯೆಂಬ ಕಟ್ಟಡದ ಇಟ್ಟಿಗೆ ಪದ. ಆ ಇಟ್ಟಿಗೆಗಳಲ್ಲಿ ಬಹುಪಾಲು ಈಗಾಗಲೇ ನಿಮ್ಮ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ಬಿದ್ದಿವೆ. ಅವನ್ನು ಎತ್ತಿ ಮಗುವಿನ ಕೈಗೆ ಕೊಡುವ ಕೆಲಸವನ್ನು ಒಂದಕ್ಷರ ಇಂಗ್ಲಿಷ್ ಓದದ ತಾಯಿಯೂ ಮಾಡಬಲ್ಲಳು. ನಾನು ಇಂದು ಹೇಳಬೇಕಾದ ಮಾತಿನ ಸಾರವೇ ಇದು.

ಹೆಸರುಗಳ ಜ್ಞಾನ

ಮೊದಲು ನಮ್ಮ ಧರ್ಮ ಈ ವಿಷಯವನ್ನು ಹೇಗೆ ಕಾಣುತ್ತದೆ ಎಂಬುದನ್ನು ನೋಡೋಣ. ಅಲ್ಲಾಹನು ಆದಮ್(ಅ)ರಿಗೆ ನೀಡಿದ ಮೊದಲ ವಿದ್ಯೆ ವಸ್ತುಗಳ ಹೆಸರುಗಳ ಜ್ಞಾನ ಎಂದು ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯ ತಿಳಿಸುತ್ತದೆ. ದೇವಚರರಿಗೂ ಇಲ್ಲದಿದ್ದ ಹಿರಿಮೆ ಮಾನವನಿಗೆ ದೊರೆತದ್ದು ಈ ಜ್ಞಾನದಿಂದ. ಅರ್ರೂಮ್ ಅಧ್ಯಾಯವು ಮಾನವರ ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸುತ್ತದೆ. ಹೀಗಿರುವಾಗ ಯಾವುದೇ ಭಾಷೆಯನ್ನು ಹಗೆಯ ಭಾಷೆಯೆಂದು ದೂರವಿಡಲು ನಮಗೆ ಆಧಾರವಿಲ್ಲ. ಯಾವುದೇ ಭಾಷೆಯನ್ನು ಪೂಜಿಸಲಿಕ್ಕೂ ಆಧಾರವಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ತರುಣ ಸಹಾಬಿ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರವಣಿಗೆಯನ್ನು ಕಲಿಯಲು ಆದೇಶಿಸಿದರು. ಅವರು ಅದನ್ನು ಸುಮಾರು ಅರ್ಧ ತಿಂಗಳಲ್ಲಿ ಕಲಿತುಕೊಂಡರೆಂದು ಹದೀಸ್ ವರದಿಗಳಿವೆ. ಬದ್ರ್ ಯುದ್ಧದ ಕೈದಿಗಳಲ್ಲಿ ಬಿಡುಗಡೆಯ ಹಣ ತೆರಲಾಗದ, ಆದರೆ ಓದುಬರಹ ಬಲ್ಲವರು ಮದೀನಾದ ಮಕ್ಕಳಿಗೆ ಅಕ್ಷರ ಕಲಿಸಿದರೆ ಸಾಕೆಂದು ನಿಶ್ಚಯಿಸಲಾಯಿತು. ಕಲಿಸುವವರು ಅಂದು ರಣರಂಗದಲ್ಲಿ ಎದುರಾದವರಾಗಿದ್ದರು. ಆದರೂ ಅವರಿಂದ ಅಕ್ಷರ ಪಡೆಯುವುದಕ್ಕೆ ಪ್ರವಾದಿವರ್ಯರು(ಸ) ಹಿಂಜರಿಯಲಿಲ್ಲ.

ಭಾರತದ ಮುಸ್ಲಿಮರ ಇತಿಹಾಸದಲ್ಲಿ ಮಾತ್ರ ಈ ಪಾಠ ಬಹುಕಾಲ ಮರೆಯಾಗಿತ್ತು. ಸರ್ ಸೈಯದ್ ಅಹ್ಮದ್ ಖಾನ್‌ರು 1864ರಲ್ಲಿ ವೈಜ್ಞಾನಿಕ ಸಂಘವನ್ನು ಸ್ಥಾಪಿಸಿ ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರಿಸಿದಾಗಲೂ, 1875ರಲ್ಲಿ ಅಲಿಗಢದಲ್ಲಿ ವಿದ್ಯಾಸಂಸ್ಥೆಯನ್ನು ಆರಂಭಿಸಿದಾಗಲೂ ಅವರು ಎದುರಿಸಿದ ವಿರೋಧ ಸಣ್ಣದಲ್ಲ. ಅಂದು ಇಂಗ್ಲಿಷನ್ನು ಕಂಡು ಹೆದರುತ್ತಿದ್ದ ಸಮುದಾಯ ಇಂದು ಇಂಗ್ಲಿಷ್ ಮಾಧ್ಯಮ ಎಂಬ ಫಲಕವನ್ನು ಕಂಡೊಡನೆ ಕಣ್ಣುಮುಚ್ಚಿ ಶರಣಾಗುತ್ತಿದೆ. ಎರಡೂ ವಿವೇಕದ ದಾರಿಗಳಲ್ಲ.

ಸರಕಾರಗಳ ಓಲಾಟ

ಹೆತ್ತವರ ಈ ಗೊಂದಲಕ್ಕೆ ಸರಕಾರಗಳ ಪಾಲೂ ಇದೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ರಾಜ್ಯ ಸರಕಾರ 1994ರಲ್ಲಿ ಆದೇಶ ಹೊರಡಿಸಿತು. ಆಗ ಸರಕಾರಿ ಶಾಲೆಯ ಮಗು ಐದನೇ ತರಗತಿಗೆ ಬಂದ ಮೇಲಷ್ಟೇ ಇಂಗ್ಲಿಷ್ ಅಕ್ಷರಗಳನ್ನು ಕಾಣುತ್ತಿತ್ತು. 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ ಬಂತು. 1994ರ ಆದೇಶದ ಕಡ್ಡಾಯದ ಅಂಶವನ್ನು 2008ರಲ್ಲಿ ರಾಜ್ಯದ ಹೈಕೋರ್ಟು ತಳ್ಳಿಹಾಕಿತು. 2014ರಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದು, ಮಾಧ್ಯಮದ ಆಯ್ಕೆ ಹೆತ್ತವರಿಗೆ ಸೇರಿದ್ದೆಂದಿತು. 2019-20ರಲ್ಲಿ ಸರಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು.

ಇಪ್ಪತ್ತೈದು ವರ್ಷಗಳ ಈ ಓಲಾಟದಲ್ಲಿ ಉಳ್ಳವರು ಏನನ್ನೂ ಕಳೆದುಕೊಳ್ಳಲಿಲ್ಲ. ಅವರ ಮಕ್ಕಳು ಅಂದೂ ಇಂಗ್ಲಿಷ್ ಕಲಿತರು, ಇಂದೂ ಕಲಿಯುತ್ತಿದ್ದಾರೆ. ನಷ್ಟವಾದದ್ದು ಇಂತಹ ಜಿಲ್ಲೆಗಳ ಬಡ ಮಕ್ಕಳಿಗೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯ ಪ್ರಕಾರ ಶೇ. 61ರಷ್ಟು, ರಾಜ್ಯದ ಸರಾಸರಿ ಶೇ. 75. ಸಾಚಾರ್ ಸಮಿತಿಯ 2006ರ ವರದಿಯು 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರು ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆಂದು ದೇಶದ ಮುಂದಿಟ್ಟಿತು. ನಾವು ಇಂಗ್ಲಿಷಿನ ಕುರಿತು ಮಾತನಾಡುತ್ತಿರುವುದು ಈ ಹಿನ್ನೆಲೆಯಲ್ಲಿ ಎಂಬುದನ್ನು ಮರೆಯಬಾರದು.

ಇಲ್ಲಿ ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ಕೆಲವು ಮನೆಗಳಲ್ಲಿ ಮಗನಿಗೆ ಸಾಲ ಮಾಡಿಯಾದರೂ ಶುಲ್ಕ ತೆತ್ತು ಕಾನ್ವೆಂಟು, ಮಗಳಿಗೆ ಬೀದಿಯ ಕೊನೆಯ ಉರ್ದು ಶಾಲೆ ಎಂಬ ವಿಂಗಡಣೆ ನಡೆಯುತ್ತಿದೆ. ಉರ್ದು ಶಾಲೆ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಮಗಳನ್ನು ಅಲ್ಲಿಗೆ ಕಳುಹಿಸುವುದು ಉರ್ದುವಿನ ಪ್ರೀತಿಯಿಂದಲೋ, ಅವಳಿಗೆ ಇಷ್ಟು ಸಾಕು ಎಂಬ ತಾತ್ಸಾರದಿಂದಲೋ ಎಂದು ಪ್ರತಿಯೊಬ್ಬ ತಂದೆಯೂ ತನ್ನನ್ನೇ ಕೇಳಿಕೊಳ್ಳಬೇಕು. ನಾಳೆ ಆಸ್ಪತ್ರೆಯಲ್ಲಿ ಔಷಧಿಯ ಚೀಟಿ ಓದಬೇಕಾದವಳು, ಬ್ಯಾಂಕಿನ ಅರ್ಜಿ ತುಂಬಬೇಕಾದವಳು, ತನ್ನ ಮಕ್ಕಳ ಪುಸ್ತಕ ತೆರೆದು ಕೂರಬೇಕಾದವಳು ಅವಳೇ. ಮಾತೃಭಾಷೆ ಹೆಣ್ಣುಮಕ್ಕಳಿಗೆ, ಇಂಗ್ಲಿಷ್ ಗಂಡುಮಕ್ಕಳಿಗೆ ಎಂದು ಅಲ್ಲಾಹನು ಭಾಷೆಗಳನ್ನು ಹಂಚಿಲ್ಲ.

ಢಾಕಾದ ತರಗತಿಯ ಪಾಠ

ಎಷ್ಟು ಪದಗಳು ಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಪ್ರಮುಖರು ಮೈಕಲ್ ವೆಸ್ಟ್ ಎಂಬ ಶಿಕ್ಷಣತಜ್ಞರು. ಅವರು ಇದನ್ನು ಹುಡುಕಿದ್ದು ಬ್ರಿಟಿಷ್ ಆಳ್ವಿಕೆಯ ಕಾಲದ ಢಾಕಾದಲ್ಲಿ, ಬಂಗಾಲದ ಮಕ್ಕಳ ನಡುವೆ. ಅಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಸ ಮಾಡಿದ ಅವರು 1926ರಲ್ಲಿ ದ್ವಿಭಾಷಿಕ ಶಿಕ್ಷಣದ ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿದರು. ಬಹಳಷ್ಟು ಮಕ್ಕಳು ಓದು ಮುಗಿಸುವ ಮುನ್ನವೇ ಶಾಲೆ ಬಿಡುತ್ತಾರೆ; ಆದುದರಿಂದ ಮಗು ಯಾವ ತರಗತಿಯಲ್ಲಿ ಬಿಟ್ಟುಹೋದರೂ ಅಲ್ಲಿಯವರೆಗೆ ಕಲಿತದ್ದು ಅದರ ಬಾಳಿಗೆ ದಕ್ಕಬೇಕು ಎಂಬುದು ಅವರ ವಾದದ ತಿರುಳು. ವಿಮಾ ಪಾಲಿಸಿಯನ್ನು ಅವಧಿಗೆ ಮುನ್ನ ಬಿಟ್ಟುಕೊಟ್ಟರೂ ಕೈಗೆ ಸಿಗುವ ಮೊತ್ತಕ್ಕೆ ಅವರು ಇದನ್ನು ಹೋಲಿಸಿದರು. ಹತ್ತು ವರ್ಷ ಕಲಿತ ಬಳಿಕವೇ ಪ್ರಯೋಜನಕ್ಕೆ ಬರುವ ಇಂಗ್ಲಿಷ್, ಏಳನೇ ತರಗತಿಗೆ ಶಾಲೆ ಬಿಟ್ಟ ಮಗುವಿಗೆ ಏನನ್ನೂ ಕೊಡುವುದಿಲ್ಲ.

ಅವರು 1953ರಲ್ಲಿ ಹೊರತಂದ ಪಟ್ಟಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಸುಮಾರು 2000 ಮೂಲಪದಗಳಿವೆ. ಸಾಮಾನ್ಯ ಇಂಗ್ಲಿಷ್ ಬರಹವೊಂದರ ಸುಮಾರು ಶೇ. 80 ಭಾಗ ಇಷ್ಟೇ ಪದಗಳಿಂದ ಕೂಡಿರುತ್ತದೆಂದು ಭಾಷಾತಜ್ಞರು ಲೆಕ್ಕ ಹಾಕಿದ್ದಾರೆ. ಈಗ ನೀವೇ ಗುಣಿಸಿ ನೋಡಿ. ದಿನಕ್ಕೆ ಮೂರು ಪದ, ವರ್ಷಕ್ಕೆ 200 ದಿನ. ಒಂದು ವರ್ಷಕ್ಕೆ 600. ನಾಲ್ಕು ವರ್ಷಗಳಿಗೆ 2400. ಮೂರನೇ ಒಂದು ಭಾಗ ಮರೆತುಹೋದರೂ 1600 ಪದಗಳು ಉಳಿಯುತ್ತವೆ. ಐದನೇ ತರಗತಿಗೆ ಕಾಲಿಡುವ ಮಗುವಿನಲ್ಲಿ ಇಷ್ಟು ಪದಗಳು ಅರ್ಥಸಹಿತ ನೆಲೆಸಿದ್ದರೆ ಮುಂದಿನ ಯಾವ ಪುಸ್ತಕವೂ ಅದಕ್ಕೆ ಭಯ ಹುಟ್ಟಿಸದು. ಇದಕ್ಕೆ ಬೇಕಾದದ್ದು ದಿನದ ಹತ್ತು ನಿಮಿಷ ಮತ್ತು ಬಿಡದೆ ನಡೆಸುವ ಶಿಸ್ತು.

ನಿಮಗೆ ಗೊತ್ತಿರುವ ಇಂಗ್ಲಿಷ್

"ನಮಗೆ ಇಂಗ್ಲಿಷೇ ಬರುವುದಿಲ್ಲವಲ್ಲ, ನಾವೇನು ಕಲಿಸೋಣ?" ಎಂದು ನೀವು ಕೇಳಬಹುದು. ಗ್ಯಾರೇಜಿನಲ್ಲಿ ದುಡಿಯುವ ಸಹೋದರರು ದಿನವಿಡೀ ಸ್ಪ್ಯಾನರ್, ಬೋಲ್ಟ್, ನಟ್, ಬೇರಿಂಗ್, ಕ್ಲಚ್, ಗೇರ್, ಬ್ರೇಕ್ ಎನ್ನುತ್ತಾರೆ. ಬಟ್ಟೆ ಹೊಲಿಯುವವರ ಬಾಯಲ್ಲಿ ಕಾಲರ್, ಕಫ್, ಪಾಕೆಟ್, ಬಟನ್, ಝಿಪ್, ಲೈನಿಂಗ್ ಓಡಾಡುತ್ತವೆ. ಬಾಳೆಕಾಯಿಯ ಲೋಡು ಹೊತ್ತು ಗಡಿ ದಾಟುವ ಲಾರಿ ಚಾಲಕರಿಗೆ ಪರ್ಮಿಟ್, ಚೆಕ್‌ಪೋಸ್ಟ್, ಹಾರ್ನ್, ಲೈಸೆನ್ಸ್ ಗೊತ್ತು. ಮನೆಯೊಳಗೆ ಕುಕ್ಕರ್, ಮಿಕ್ಸಿ, ಸ್ಟವ್, ಬಕೆಟ್, ಮಗ್ಗು, ಟವೆಲ್, ಸೋಪು, ಸ್ವಿಚ್ಚು, ಫ್ಯಾನು. ಒಂದು ಸಂಜೆ ಕುಳಿತು ಬರೆದುಕೊಳ್ಳಿ. ಯಾವ ಮನೆಯಲ್ಲೂ ನೂರಕ್ಕೆ ಕಡಿಮೆ ಇಂಗ್ಲಿಷ್ ಪದಗಳು ಸಿಗಲಾರವು. ಇಂಗ್ಲಿಷ್ ಬಾರದೆಂದು ತಲೆತಗ್ಗಿಸುವ ತಂದೆಯ ಬಳಿ ಮಗುವಿಗೆ ಕೊಡಲು ನೂರು ಪದಗಳ ಬಂಡವಾಳವಿದೆ.

ಈ ಪದಗಳಲ್ಲಿ ಮಾಡಬೇಕಾದ ಕೆಲಸ ಎರಡು. ಒಂದನೆಯದು, ರೂಪವನ್ನು ತಿದ್ದುವುದು. ಕನ್ನಡದ ನಾಲಗೆ ಕೊನೆಯಲ್ಲಿ ಉಕಾರ ಸೇರಿಸಿ ಬಸ್ಸು, ಬೆಂಚು, ಪೆನ್ನು ಎನ್ನುತ್ತದೆ. ದಕ್ಖನಿ ಉರ್ದುವಿನ ನಾಲಗೆ ಮೊದಲಲ್ಲಿ ಇಕಾರ ಸೇರಿಸಿ ಇಸ್ಕೂಲ್, ಇಸ್ಟೇಷನ್ ಎನ್ನುತ್ತದೆ. ಕನ್ನಡ ಮಾತನಾಡುವಾಗ ಬಸ್ಸು ಎನ್ನುವುದು ಸರಿಯೇ; ಇಂಗ್ಲಿಷಿನಲ್ಲಿ ಅದು ಬಸ್. ಎರಡನೆಯದು, ಅರ್ಥವನ್ನು ತಿದ್ದುವುದು. ನಾವು ಹೋಟೆಲ್ ಎನ್ನುವುದು ಊಟದ ಮನೆಗೆ. ಇಂಗ್ಲಿಷಿನಲ್ಲಿ ಅದು ತಂಗುವ ಮನೆ, ಊಟದ ಮನೆ ರೆಸ್ಟೋರೆಂಟ್. ನಮ್ಮ ಕರೆಂಟಿಗೆ ಅಲ್ಲಿ ಪವರ್ ಅಥವಾ ಇಲೆಕ್ಟ್ರಿಸಿಟಿ ಎಂಬ ಪದವೇ ಹೆಚ್ಚು ಬಳಕೆ. ಈ ತಿದ್ದುಪಡಿಯನ್ನು ಶಾಲೆಯ ಶಿಕ್ಷಕಿಯೋ ಕಾಲೇಜು ಓದುತ್ತಿರುವ ಮನೆಯ ಹಿರಿಯ ಮಗಳೋ ಮಾಡಿಯಾರು.

ಉಚ್ಚಾರದ ವಿಷಯದಲ್ಲಿ ಮಕ್ತಬಿನ ಮಗುವಿಗೆ ಒಂದು ಅನುಕೂಲವಿದೆ. ತಜ್‌ವೀದ್‌ನ ನಿಯಮದಂತೆ ಕುರ್‌ಆನ್ ಓದಲು ಕಲಿತ ಮಗು ನಾಲಗೆಯ ತುದಿಯನ್ನು ಮೇಲಿನ ಮುಂಬಲ್ಲುಗಳ ಅಂಚಿಗೆ ತಾಗಿಸಿ 'ಸಾ' ಮತ್ತು 'ಝಾಲ್' ಅಕ್ಷರಗಳನ್ನು ಹೊರಡಿಸುತ್ತದೆ. ಇಂಗ್ಲಿಷಿನ ಥಿಂಕ್ ಪದದ ಮೊದಲ ಧ್ವನಿ ಆ 'ಸಾ' ಅಕ್ಷರದ್ದೇ. ದಿಸ್ ಪದದ ಮೊದಲ ಧ್ವನಿ ಆ 'ಝಾಲ್' ಅಕ್ಷರದ್ದೇ. 'ಫಾ' ಮತ್ತು 'ಝಾ' ಬಲ್ಲ ಮಗುವಿಗೆ ಫ್ಯಾನ್, ಝೂ ಎನ್ನಲು ಕಷ್ಟವಿಲ್ಲ. ಇತರ ಮಕ್ಕಳು ತಡವರಿಸುವ ಈ ಧ್ವನಿಗಳನ್ನು ನಮ್ಮ ಮಕ್ಕಳು ಐದಾರು ವರ್ಷಕ್ಕೇ ಕಲಿತಿರುತ್ತಾರೆ. ಎರಡೂ ಒಂದೇ ಧ್ವನಿಯೆಂದು ಅವರಿಗೆ ತಿಳಿಸುವವರಿಲ್ಲ, ಅಷ್ಟೇ.

ಪದಗಳ ನೆಂಟಸ್ತಿಕೆ

ಮಗುವಿಗೆ ಪದ ನೆನಪಿನಲ್ಲಿ ಉಳಿಯಬೇಕಾದರೆ ಅದು ಗೊತ್ತಿರುವ ಯಾವುದಕ್ಕಾದರೂ ಅಂಟಿಕೊಳ್ಳಬೇಕು. ಇಂಗ್ಲಿಷಿನ ಅನೇಕ ದಿನಬಳಕೆಯ ಪದಗಳು ನಮ್ಮ ಮನೆಯ ಭಾಷೆಗಳಿಗೆ ನೆಂಟರು. ಕನ್ನಡದ ಸಕ್ಕರೆ, ಉರ್ದುವಿನ ಶಕರ್, ಅರಬಿಯ ಸುಕ್ಕರ್, ಇಂಗ್ಲಿಷಿನ ಶುಗರ್ ಒಂದೇ ಪದದ ಪ್ರಯಾಣದ ನಾಲ್ಕು ನಿಲ್ದಾಣಗಳು. ಕಾಟನ್ ಬಂದದ್ದು ಅರಬಿಯ ಕುತ್ನ್ ಪದದಿಂದ, ಕಾಫಿ ಕಹ್ವಾದಿಂದ, ಆಲ್ಜೀಬ್ರಾ ಒಂಬತ್ತನೇ ಶತಮಾನದ ಅಲ್ ಖವಾರಿಝ್ಮಿಯವರ ಗ್ರಂಥದ ಹೆಸರಿನಲ್ಲಿದ್ದ ಅಲ್‌ಜಬ್ರ್‌ನಿಂದ. ಖಾಕಿ, ಪೈಜಾಮಾ ಎಂಬ ಪದಗಳನ್ನು ಇಂಗ್ಲಿಷರು ನಮ್ಮ ನಾಡಿನಿಂದಲೇ ಒಯ್ದರು. ಶ್ರೀಮಂತರ ಮನೆಯ ಸೋಫಾ ಕೂಡ ಅರಬಿಯ ಸುಫ್ಫಾ. ಮಸ್ಜಿದುನ್ನಬವಿಯ ಸುಫ್ಫಾ ಜಗಲಿಯಲ್ಲಿ ಕುಳಿತು ವಿದ್ಯೆ ಕಲಿತ ಬಡ ಸಹಾಬಿಗಳ ಕಥೆಯನ್ನು ಮಗುವಿಗೆ ಹೇಳಿ. ಆ ಪದವನ್ನು ಅದು ಜೀವಮಾನವಿಡೀ ಮರೆಯದು.

ನಿಮ್ಮ ಊರಿನ ದಾರಿಗಳೂ ಇಂತಹ ಪಾಠಗಳೇ. ಬಂಡೀಪುರದಲ್ಲಿ ಪ್ರವಾಸಿಗರು ಹೋಗುವ ಸಫಾರಿ, ಪ್ರಯಾಣ ಎಂಬರ್ಥದ ಸಫರ್ ಪದದಿಂದ ಆಫ್ರಿಕಾದ ಸ್ವಾಹಿಲಿ ಭಾಷೆಯ ಮೂಲಕ ಇಂಗ್ಲಿಷಿಗೆ ಹೋಯಿತು. ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ಸುಲ್ತಾನ್ ಬತ್ತೇರಿಯ ಹೆಸರಿನಲ್ಲಿರುವುದು ಇಂಗ್ಲಿಷಿನ ಬ್ಯಾಟರಿ. ಟಿಪ್ಪು ಸುಲ್ತಾನರ ಫಿರಂಗಿ ಮದ್ದುಗುಂಡುಗಳ ನೆಲೆಯಾಗಿದ್ದುದರಿಂದ ಬಂದ ಹೆಸರದು. ಅದೇ ಹೆದ್ದಾರಿಯ ಕೊನೆಯ ಕೋಯಿಕ್ಕೋಡನ್ನು ಇಂಗ್ಲಿಷರು ಕ್ಯಾಲಿಕಟ್ ಎಂದರು. ಅಲ್ಲಿಂದ ಹೋದ ಹತ್ತಿಬಟ್ಟೆಗೆ ಕ್ಯಾಲಿಕೋ ಎಂಬ ಹೆಸರೇ ನಿಂತಿತು. ಇಂಗ್ಲಿಷ್ ಬೇರೆ ಲೋಕದಿಂದ ಇಳಿದು ಬಂದ ಭಾಷೆಯಲ್ಲ, ಅದರಲ್ಲಿ ನಮ್ಮ ಪಾಲೂ ಇದೆ ಎಂದು ಅರಿತ ಮಗುವಿನ ಕೀಳರಿಮೆ ಅರ್ಧಕ್ಕರ್ಧ ಕರಗುತ್ತದೆ.

ಹತ್ತು ನಿಮಿಷದ ಕ್ರಮ

ಇನ್ನು ಕಲಿಸುವ ಕ್ರಮಕ್ಕೆ ಬರೋಣ. ಮೊದಲನೆಯದಾಗಿ, ವಸ್ತು ಕೈಯಲ್ಲಿರಲಿ, ಅರ್ಥ ಮನೆಮಾತಿನಲ್ಲಿರಲಿ. ಎ ಎಂದರೆ ಆಪಲ್ ಎಂದು ಸೇಬನ್ನೇ ಅಪರೂಪಕ್ಕೆ ಕಾಣುವ ಮಗು ಬಾಯಿಪಾಠ ಮಾಡುವುದಕ್ಕಿಂತ ಮನೆಯ ಮುಂದಿನ ಗೊನೆಯನ್ನು ತೋರಿಸಿ ಬನಾನಾ ಎನ್ನುವುದು ಲೇಸು. ಅರಿಶಿನ, ಚೆಂಡುಹೂ, ಸೂರ್ಯಕಾಂತಿ ಈ ತಾಲೂಕಿನ ಹೊಲಗಳಲ್ಲೇ ಇವೆ. ಟರ್ಮರಿಕ್, ಮ್ಯಾರಿಗೋಲ್ಡ್, ಸನ್‌ಫ್ಲವರ್ ಎಂಬ ಪದಗಳು ಇಲ್ಲಿನ ಮಗುವಿಗೆ ಬೇರೆ ಯಾವ ಊರಿನ ಮಗುವಿಗಿಂತಲೂ ಬೇಗ ಬರಬೇಕು. ಈರುಳ್ಳಿ ಹೆಚ್ಚುತ್ತಿರುವಾಗ ಆನಿಯನ್, ಹಾಲು ಕಾಯಿಸುವಾಗ ಮಿಲ್ಕ್.

ಎರಡನೆಯದಾಗಿ, ಪದವನ್ನು ಒಂಟಿಯಾಗಿ ಬಿಡಬೇಡಿ. ಡೋರ್ ಎಂದು ಕಲಿಸಿದರೆ ಓಪನ್ ದ ಡೋರ್, ಶಟ್ ದ ಡೋರ್ ಎಂದು ಹೇಳಿ ಬಾಗಿಲು ತೆರೆಯಿಸಿ, ಮುಚ್ಚಿಸಿ. ಕೆಲಸದೊಂದಿಗೆ ಬಂದ ಪದ ಕೈಕಾಲುಗಳಲ್ಲೂ ನೆನಪಾಗಿ ಉಳಿಯುತ್ತದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು ಹಾಗೂ ಮದ್ರಾಸುಗಳ ಶಾಲೆಗಳಲ್ಲಿ ನಡೆದ ಪ್ರಯೋಗವೊಂದು ಜಗತ್ತಿನಾದ್ಯಂತ ಇಂಗ್ಲಿಷ್ ಶಿಕ್ಷಕರ ನಡುವೆ ಇಂದಿಗೂ ಚರ್ಚೆಯಲ್ಲಿದೆ. ವ್ಯಾಕರಣದ ನಿಯಮಗಳನ್ನು ಬೋಧಿಸುವ ಬದಲು ಮಕ್ಕಳಿಗೆ ಭೂಪಟ, ರೈಲಿನ ವೇಳಾಪಟ್ಟಿ ಮುಂತಾದವನ್ನು ಕೊಟ್ಟು ಇಂಗ್ಲಿಷಿನಲ್ಲಿಯೇ ಸಮಸ್ಯೆ ಬಿಡಿಸಲು ಹಚ್ಚಲಾಗುತ್ತಿತ್ತು. ಮನಸ್ಸು ಅರ್ಥದ ಮೇಲಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ನಂಬಿಕೆ. ಇದನ್ನು ಮಾಡಲು ನಿಮಗೆ ಬಸ್ ನಿಲ್ದಾಣ ಸಾಕು. ಮೈಸೂರಿಗೆ, ಊಟಿಗೆ, ಕೇರಳಕ್ಕೆ ಹೋಗುವ ಬಸ್ಸುಗಳ ಫಲಕಗಳನ್ನು ಮಗು ಓದಲಿ. ಔಷಧಿಯ ಪಟ್ಟಿ, ಬಿಸ್ಕತ್ತಿನ ಪೊಟ್ಟಣ, ವಿದ್ಯುತ್ ಬಿಲ್ಲು, ಕಾಡಿನ ರಸ್ತೆಯ ಎಚ್ಚರಿಕೆಯ ಫಲಕ ಇವೆಲ್ಲ ಕಾಸಿಲ್ಲದ ಪಠ್ಯಪುಸ್ತಕಗಳು. ಮಾತ್ರೆಯ ಹಾಳೆಯಲ್ಲಿ ಅವಧಿ ಮುಗಿಯುವ ದಿನಾಂಕವನ್ನು ಹುಡುಕಿ ಓದಿದ ಮಗು ಆ ದಿನ ಮನೆಯ ಜೀವವೊಂದನ್ನು ಕಾಪಾಡಿರಲೂಬಹುದು.

ಮೂರನೆಯದಾಗಿ, ಮರಳಿ ಕೇಳಿ. ಇಂದು ಕಲಿತದ್ದನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಕೇಳಬೇಕು. ಹಾಫಿಝ್ ಆಗುವ ಮಕ್ಕಳು ಹಿಂದಿನ ಪಾಠವನ್ನು ದಿನವೂ ಒಪ್ಪಿಸುವುದನ್ನು ನೀವು ಬಲ್ಲಿರಿ. ಆ ಪದ್ಧತಿಯ ಬಲವೇ ಅದು. ಓದು ಬಾರದ ತಾಯಿ ಹೀಗೆ ಮಾಡಬಹುದು: ಮಗು ಕಲಿತ ಪ್ರತಿಯೊಂದು ಪದಕ್ಕೆ ಒಂದು ಹುಣಿಸೆಬೀಜವನ್ನು ಡಬ್ಬಿಗೆ ಹಾಕಲಿ. ಜುಮಾದ ದಿನ ಬೀಜಗಳನ್ನು ಎಣಿಸಿ, ಅಷ್ಟು ಪದಗಳನ್ನು ಮಗುವಿನ ಬಾಯಿಂದ ಕೇಳಲಿ. ಹೇಳಲಾಗದ ಪದದ ಬೀಜ ಹೊರಗೆ ಬರಲಿ. ಸರಿಯೋ ತಪ್ಪೋ ಎಂಬ ಸಂಶಯವಿದ್ದರೆ "ಬೇಟಾ, ನಾಳೆ ಟೀಚರನ್ನು ಕೇಳಿಕೊಂಡು ಬಾ" ಎನ್ನಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ತಾಯಿಯಿಂದ ಮಗು ಇಂಗ್ಲಿಷಿಗಿಂತಲೂ ದೊಡ್ಡ ಪಾಠವೊಂದನ್ನು ಕಲಿಯುತ್ತದೆ.

ನಾಲ್ಕನೆಯದಾಗಿ, ತಪ್ಪಿಗೆ ಗದರಬೇಡಿ, ನಗಬೇಡಿ. ನಾಚಿಕೆ ಹೊಕ್ಕ ನಾಲಗೆ ಮತ್ತೆ ತೆರೆಯುವುದು ಕಷ್ಟ. ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಇಂಗ್ಲಿಷ್ ಪದ್ಯ ಹೇಳಿಸಿ ಬೀಗುವುದೂ ಬೇಡ. ಅರ್ಥ ತಿಳಿಯದೆ ಒಪ್ಪಿಸಿದ ಪದ್ಯ ಗಿಳಿಪಾಠವೇ ಹೊರತು ಪದಸಂಪತ್ತಲ್ಲ. ಮೊಬೈಲನ್ನು ಕೈಗೆ ಕೊಟ್ಟು ಅದೇ ಕಲಿಸುತ್ತದೆಂದು ಎದ್ದುಹೋಗುವುದು ಇನ್ನೊಂದು ರೋಗ. ಪರದೆಯ ಮೇಲಿನ ಪದ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ, ತಾಯಿ ಕಾಯುತ್ತಾಳೆ.

ಮನೆಮಾತನ್ನು ಮಾರಬೇಡಿ

ಒಂದು ಎಚ್ಚರಿಕೆಯ ಮಾತು. ಇಂಗ್ಲಿಷ್ ಬರಬೇಕೆಂಬ ಆತುರದಲ್ಲಿ ಮನೆಯಲ್ಲಿ ಉರ್ದು, ಮಲಯಾಳಂ ಅಥವಾ ಕನ್ನಡ ಮಾತನಾಡುವುದನ್ನೇ ನಿಲ್ಲಿಸುವ ಹೆತ್ತವರಿದ್ದಾರೆ. ತಮಗೇ ಸರಿಯಾಗಿ ಬಾರದ ಭಾಷೆಯಲ್ಲಿ ಅವರು ಮಗುವಿನೊಡನೆ ಹತ್ತಿಪ್ಪತ್ತು ಅಪ್ಪಣೆಗಳಿಗಿಂತ ಹೆಚ್ಚು ಏನನ್ನು ಮಾತನಾಡಬಲ್ಲರು? ಅಜ್ಜಿಯ ಕಥೆ, ನಬಿಗಳ ಚರಿತ್ರೆ, ಸಂತೆಯ ಚೌಕಾಸಿ, ನೆರೆಮನೆಯ ಸುಖದುಃಖ ಯಾವುದೂ ಕಿವಿಗೆ ಬೀಳದ ಮಗುವಿನ ಆಲೋಚನೆಯೇ ಬಡವಾಗುತ್ತದೆ. ಮಗು ಚೆನ್ನಾಗಿ ಬಲ್ಲ ಭಾಷೆಯಲ್ಲಿ ಕಲಿಕೆ ಆರಂಭವಾಗಬೇಕೆಂದು ಯುನೆಸ್ಕೊ 1953ರಲ್ಲಿಯೇ ಹೇಳಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. ಒಂದು ವಸ್ತುವಿಗೆ ಮನೆಮಾತಿನಲ್ಲಿ ಹೆಸರು ತಿಳಿದ ಮಗುವಿಗೆ ಇಂಗ್ಲಿಷ್ ಹೆಸರು ಎರಡನೇ ಅಂಗಿಯಿದ್ದಂತೆ. ಮೊದಲ ಅಂಗಿಯನ್ನೇ ಕಿತ್ತುಕೊಂಡು ಎರಡನೆಯದನ್ನು ತೊಡಿಸಲು ಹೊರಡಬೇಡಿ.

ಕನ್ನಡದ ವಿಷಯದಲ್ಲೂ ಅಷ್ಟೇ. ಈ ಜಿಲ್ಲೆಯ ಹೊಲ, ಸಂತೆ, ಕಚೇರಿ, ನೆರೆಹೊರೆಯ ಭಾಷೆ ಕನ್ನಡ. ಜಿಲ್ಲೆ, ತಾಲೂಕು, ಅರ್ಜಿ, ವಕೀಲ, ಕಾಗದ ಮುಂತಾದ ನೂರಾರು ಪದಗಳನ್ನು ಅರಬಿ ಪಾರ್ಸಿಗಳಿಂದ ಪಡೆದು ತನ್ನದಾಗಿಸಿಕೊಂಡ ಉದಾರ ಭಾಷೆಯದು. ಅದನ್ನು ಬಿಟ್ಟು ಇಂಗ್ಲಿಷಿಗೆ ಹಾರಿದ ಮಗು ಊರಿನಲ್ಲಿಯೇ ಪರಕೀಯವಾಗುತ್ತದೆ.

ಸಮುದಾಯದ ಕೆಲಸ

ಕೊನೆಯದಾಗಿ, ಇದು ಒಂದೊಂದು ಮನೆ ಪ್ರತ್ಯೇಕವಾಗಿ ಮಾಡಿ ಮುಗಿಸುವ ಕೆಲಸವಲ್ಲ. ನಮ್ಮ ಮಸೀದಿಗಳ ಮಕ್ತಬ್ ಕೋಣೆಗಳು ದಿನದ ಹೆಚ್ಚಿನ ಹೊತ್ತು ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೆ ಎರಡು ಸಂಜೆ ಅಲ್ಲಿ ಮಕ್ಕಳ ಪದಕೂಟ ನಡೆಸಲು ಜಮಾಅತಿನ ಕಮಿಟಿಗಳು ಅನುಮತಿಸಲಿ. ಕಾಲೇಜು ಓದುತ್ತಿರುವ, ಓದಿ ಮನೆಯಲ್ಲಿ ಕುಳಿತಿರುವ ನಮ್ಮ ಹೆಣ್ಣುಮಕ್ಕಳು ಅಲ್ಲಿ ಕಲಿಸಲಿ. ಅವರ ವಿದ್ಯೆಗೂ ಒಂದು ಗೌರವದ ದಾರಿ ತೆರೆದೀತು. ನೆರೆಯ ಬಡಾವಣೆಯ ಇತರ ಸಮುದಾಯದ ಮಕ್ಕಳಿಗೂ ಬಾಗಿಲು ತೆರೆದಿರಲಿ. ಬಡ ಮಗುವಿನ ಇಂಗ್ಲಿಷಿನ ಭಯಕ್ಕೆ ಜಾತಿ ಧರ್ಮಗಳಿಲ್ಲ.

ಸರಕಾರಿ ಶಾಲೆಯನ್ನು ಬೈದು ಬಿಟ್ಟುಬಿಡುವ ಬದಲು ಅದರೊಳಗೆ ಹೋಗಿ. ಪ್ರತಿ ಶಾಲೆಗೂ ಎಸ್‌ಡಿಎಂಸಿ ಇದೆ. ಅದರಲ್ಲಿ ಹೆತ್ತವರಿಗೆ ಸ್ಥಾನವಿದೆ. ಇಂಗ್ಲಿಷ್ ಕಲಿಸಲು ತರಬೇತಿ ಪಡೆದ ಶಿಕ್ಷಕರಿದ್ದಾರೆಯೇ, ಖಾಲಿ ಹುದ್ದೆ ಎಷ್ಟು ಕಾಲದಿಂದ ಖಾಲಿಯಿದೆ, ಕಪಾಟಿನ ಕಥೆಪುಸ್ತಕಗಳು ಮಕ್ಕಳ ಕೈಗೆ ಬರುತ್ತಿವೆಯೇ ಎಂದು ಕೇಳಿ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇರುವುದೇ ಶಿಕ್ಷಕರ ತರಬೇತಿಗಾಗಿ. ನಮ್ಮ ಉರ್ದು ಶಾಲೆಗಳ ಶಿಕ್ಷಕರಿಗೂ ಅಂತಹ ತರಬೇತಿ ದೊರೆಯಬೇಕೆಂದು ಲಿಖಿತವಾಗಿ ಒತ್ತಾಯಿಸಿ. ಆರನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ಮೌಲಾನಾ ಆಝಾದ್ ಮಾದರಿ ಶಾಲೆಗಳನ್ನು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ನಡೆಸುತ್ತಿದೆ. ಅಲ್ಲಿಗೆ ಹೋಗುವ ಮಗುವಿನ ಕೈಯಲ್ಲಿ ಐದು ವರ್ಷಗಳ ಪದಸಂಪತ್ತು ಇಲ್ಲದಿದ್ದರೆ ಆ ಪ್ರವೇಶ ಮಗುವಿಗೆ ಹೊರೆಯಾದೀತು. ಮತ ಕೇಳಲು ಬರುವವರಲ್ಲಿ ಸಮುದಾಯ ಭವನದ ಕಾಂಪೌಂಡನ್ನು ಕೇಳುವ ನಾವು, ಶಾಲೆಯ ಖಾಲಿ ಹುದ್ದೆಯ ಕುರಿತು ಪ್ರಶ್ನಿಸುವುದನ್ನು ಯಾವಾಗ ಕಲಿಯುವೆವು?

ಸಹೋದರ ಸಹೋದರಿಯರೇ, ಇಂದು ಮನೆಗೆ ಹೋದ ಮೇಲೆ ಮಾಡಬಹುದಾದ ಕೆಲಸ ಬಹಳ ಚಿಕ್ಕದು. ಊಟಕ್ಕೆ ಕುಳಿತಾಗ ತಟ್ಟೆ, ನೀರು, ಉಪ್ಪು ಈ ಮೂರನ್ನು ತೋರಿಸಿ ಅವುಗಳ ಇಂಗ್ಲಿಷ್ ಹೆಸರನ್ನು ಮಗನಿಗೂ ಕೇಳಿ, ಮಗಳಿಗೂ ಕೇಳಿ. ಹೇಳಿದರೆ ಮೂರು ಬೀಜಗಳನ್ನು ಡಬ್ಬಿಗೆ ಹಾಕಿ. ನಾಳೆ ಮತ್ತೆ ಮೂರು. ಫಲಕೊಡುವವನು ಅಲ್ಲಾಹನು. ನಮ್ಮ ಜ್ಞಾನವನ್ನು ಹೆಚ್ಚಿಸುವಂತೆ ಆತನಲ್ಲಿ ಪ್ರಾರ್ಥಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.